ಫಿಕ್ರಿಯ ಶುಕ್ರವಾರದ ಸಿಟ್ಟು

ಫಿಕ್ರಿ ಬಯೂಮಿ ತೀರಿಕೊಂಡು ಹನ್ನೊಂದು ದಿನವಾಯಿತು. ಅವನ ಬಗ್ಗೆ ಬರೆಯೋಣವೆಂದು ಕೂತರೆ ಅಳುವಿಗಿಂತ ಮೊದಲು ನಗು ಬರುತ್ತದೆ.

ಈಜಿಪ್ಟಿನ ನಮ್ಮ ದುಮ್ಯಾತ್ ಊರಲ್ಲಿ ಮದುವೆ ಮಂಚಗಳಿಗೆ ಪಾಲಿಶ್ ಹಾಕುವವರು ನೂರಾರು ಮಂದಿ. ಅವರಲ್ಲಿ ಇಲ್ಲ ಎನ್ನಲು ಬಾರದವನು ಫಿಕ್ರಿ ಒಬ್ಬನೇ. ಬೀರುವಿಗೆ ಗಿಳಿ ಹಸಿರು ಬಣ್ಣ ಕೇಳಿದವರಿಗೂ 'ಆಗ್ಲಿ ತಾಯಿ' ಎಂದು ಬಳಿದುಕೊಟ್ಟಿದ್ದ.

ಐವತ್ತೆರಡನೇ ವಯಸ್ಸಿಗೆ ಅವನ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಆಗ ನಮ್ಮಲ್ಲಿ ಬೀದಿಗೆ ಮೂವರಿಗಾದರೂ ಅದಿತ್ತು. ಸರ್ಕಾರಿ ಕೇಂದ್ರದಲ್ಲಿ ವಾರಕ್ಕೊಂದರಂತೆ ನಲವತ್ತೆಂಟು ಇಂಟರ್‌ಫೆರಾನ್ ಇಂಜೆಕ್ಷನ್ ಬರೆದರು. ಹಾಗೆಂದರೇನು ಎಂದು, ಹಳೆಯ ಸ್ನೇಹಿತನಾಗಿ ಜೊತೆಗೆ ಹೋಗಿದ್ದ ನಾನು ಕೇಳಿದೆ. ವೈರಸ್ ನುಗ್ಗಿದ ಜೀವಕೋಶ ನೆರೆಹೊರೆಯನ್ನು ಎಚ್ಚರಿಸಲು ಹೊರಡಿಸುವ ಪ್ರೋಟೀನ್ ಅದು, ಸುದ್ದಿ ಮುಟ್ಟಿದ ಕೋಶಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ, ಕೆಲವು ಕ್ಯಾನ್ಸರಿಗೂ ಇದನ್ನೇ ಕೊಡುತ್ತೇವೆ ಎಂದರು ಡಾಕ್ಟರಮ್ಮ.

'ಅಂದ್ರೆ ರಂಜಾನಿನಲ್ಲಿ ತಮಟೆ ಬಡ್ಕೊಂಡು ಎಬ್ಬಿಸ್ತಾನಲ್ಲ, ಅವನನ್ನ ನನ್ನೊಳಗೆ ಬಿಡ್ತೀರಿ' ಎಂದ ಫಿಕ್ರಿ.

ತಮಟೆಯವನು ಜೋರಾಗಿಯೇ ಬಡಿದ. ಗುರುವಾರ ಇಂಜೆಕ್ಷನ್, ಸಂಜೆಗೆ ಚಳಿಜ್ವರ, ಶುಕ್ರವಾರವಿಡೀ ಸಿಟ್ಟು. ಒಂದು ಶುಕ್ರವಾರ ಪಕ್ಕದಂಗಡಿಯವನಿಗೆ, ನಿನ್ನ ಬೀರು ಹೆಣದ ಪೆಟ್ಟಿಗೆ ಇದ್ದಂತಿದೆ ಎಂದ. ಇನ್ನೊಂದು ಶುಕ್ರವಾರ ನನ್ನ ಸರದಿ: 'ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ಕವಿತೆ ಓದಿ ಹೇಳ್ತಿದೀರಿ, ಒಂದೂ ಅರ್ಥ ಆಗಿಲ್ಲ.' ಶನಿವಾರ ಮನೆಮನೆಗೂ ಹೋಗಿ, ಅದು ನಾನಲ್ಲ, ಇಂಜೆಕ್ಷನ್ನು ಎಂದು ಕ್ಷಮೆ ಕೇಳುತ್ತಿದ್ದ. ಎಲ್ಲರೂ ಕ್ಷಮಿಸುತ್ತಿದ್ದರು.

ಆ ದಿನಗಳಲ್ಲೇ ಮರದ ಮಂಡಿಯ ಗಲಾಲ್ ಹಾಜಿ ತಮ್ಮ ಮಗನಿಗೆ ಫಿಕ್ರಿಯ ಮಗಳು ರಬಾಬ್‌ಳನ್ನು ಕೇಳಿದರು. ಅವಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು; ಓದು ಬಿಡಿಸುವುದು ಅವರ ಷರತ್ತು. ತನಗೆ ಬೇಡವೆಂದು ಅವಳು ಅಪ್ಪನಿಗೆ ಹೇಳಿದಳು. 'ಆಗ್ಲಿ ಮಗಳೇ' ಎಂದ. ನೋಡಲು ಬರುತ್ತೇವೆಂದು ಹಾಜಿ ಹೇಳಿ ಕಳಿಸಿದಾಗಲೂ ಆಗಲಿ ಎಂದ. ಎರಡೂ ಕಡೆಯವರು ಕೈಯೆತ್ತಿ ಕುರಾನಿನ ಫಾತಿಹಾ ಓದಿಬಿಟ್ಟರೆ ಮದುವೆಗೆ ಮಾತು ಕೊಟ್ಟಂತೆ. ರಬಾಬ್ ಏನೋ ನೆಪ ಹೇಳಿ ಬುಧವಾರದ ಭೇಟಿಯನ್ನು ಶುಕ್ರವಾರಕ್ಕೆ ಹಾಕಿಸಿದಳು.

'ಶುಕ್ರವಾರ ಅಪ್ಪ ಯಾರಿಗೂ ಹೆದರಲ್ಲ, ಚಿಕ್ಕಪ್ಪ' ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಗುರುವಾರ ಅವನ ಜೊತೆ ಕೇಂದ್ರಕ್ಕೆ ಹೋದವನು ನಾನೇ. ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿವೆ, ಈ ವಾರ ಇಂಜೆಕ್ಷನ್ ಬೇಡ ಎಂದುಬಿಟ್ಟರು. ಮನೆಯವರು ಗಾಬರಿಯಾಗುತ್ತಾರೆ, ಹೇಳಬೇಡಿ ಎಂದು ಫಿಕ್ರಿ ದಾರಿಯುದ್ದಕ್ಕೂ ಕೇಳಿಕೊಂಡ. ಒಪ್ಪಿದೆ. ಹುಡುಗಿಯ ಕಥೆ ಮುಗಿಯಿತು ಎಂದುಕೊಂಡೆ.

ಮರುದಿನ ಹಾಜಿ ಐದಾರು ಮಂದಿಯೊಡನೆ ಬಂದು ಕೂತರು. ಶರಬತ್ತು ಬಂತು. ಹುಡುಗಿ ಓದಿದ್ದು ಸಾಕು, ಫಾತಿಹಾ ಓದೋಣ ಎಂದು ಹಾಜಿ ಕೈಯೆತ್ತಿದರು. ಎಲ್ಲರ ಕೈಗಳೂ ಮೇಲೆದ್ದವು, ಅಭ್ಯಾಸಬಲದಿಂದ ನನ್ನದೂ. ಫಿಕ್ರಿಯ ಕೈಗಳು ಮಾತ್ರ ಮೊಣಕಾಲ ಮೇಲೇ ಇದ್ದವು.

'ಇಲ್ಲ ಹಾಜಿ' ಎಂದ. 'ನಮ್ಮ ಹುಡುಗಿಗೆ ಇಷ್ಟ ಇಲ್ಲ. ಅವಳು ಓದ್ತಾಳೆ.'

'ಏನಯ್ಯಾ ಫಿಕ್ರಿ, ಮೈ ಸರಿ ಇದೆಯಾ?'

'ಇಂಜೆಕ್ಷನ್ನು ಹಾಜಿ, ನಿಮಗೆ ಗೊತ್ತಲ್ಲ. ನಾಳೆ ಬಂದು ಕ್ಷಮೆ ಕೇಳ್ತೀನಿ.' ನನ್ನ ಕಡೆ ನೋಡಲಿಲ್ಲ.

ಹಾಜಿ ಅಯ್ಯೋ ಪಾಪ ಎನ್ನುತ್ತ ಶರಬತ್ತು ಕುಡಿದು ಎದ್ದರು. ಶನಿವಾರ ಫಿಕ್ರಿ ಹೋಗಿ ಮಾತಿನ ಧಾಟಿಗಷ್ಟೇ ಕ್ಷಮೆ ಕೇಳಿದ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಂಜೆಕ್ಷನ್ ಇಲ್ಲದೆ ಅದು ಹೇಗಪ್ಪಾ ಬಾಯಿಗೆ ಬಂತು ಎಂದು ಆಮೇಲೆ ಕೇಳಿದೆ.

'ಬಹಳ ಕಷ್ಟ ಆಯ್ತು ಮೇಷ್ಟ್ರೇ' ಎಂದ. 'ಜ್ವರಾನೇ ವಾಸಿ.'

ನಲವತ್ತೆಂಟೂ ಮುಗಿದವು, ವೈರಸ್ ಹೋಯಿತು. ಹನ್ನೆರಡು ವರ್ಷ ಚೆನ್ನಾಗಿ ಬದುಕಿದ. ಕೊನೆಗೆ ಕೈಕೊಟ್ಟದ್ದು ಹೃದಯ. ರಬಾಬ್ ಈಗ ವಾರ್ಡಿನ ಹಿರಿಯ ನರ್ಸ್. ಆ ಇಂಜೆಕ್ಷನ್ ಇಲ್ಲದಿದ್ದರೆ ನಾನು ಮಂಡಿಯವರ ಸೊಸೆಯಾಗಿರುತ್ತಿದ್ದೆ ಎಂದು ಸಂತಾಪಕ್ಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವನಿಗೆ ಕೊಟ್ಟ ಮಾತನ್ನು ಇಂದು ಮುರಿಯುತ್ತಿದ್ದೇನೆ. ಮಗಳೇ, ಆ ಶುಕ್ರವಾರ ನಿನ್ನಪ್ಪನ ಮೈಯಲ್ಲಿ ಮದ್ದಿರಲಿಲ್ಲ.