ಸೊಪ್ಪಿಗೆ ನಾನೇ ಸಾಕ್ಷಿ

ಮೊನ್ನೆ ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರೊಬ್ಬರು ನನ್ನ ಅಂಗೈಗೆ ಒಂದು ಎಲೆ ಹಾಕಿ, "ಅಗಿದು ನೋಡಿ ಸಾರ್, ಶುಗರ್‌ಗೆ ರಾಮಬಾಣ" ಎಂದರು. ಹೋದ ವರ್ಷದಿಂದ ನನಗೂ ಶುಗರ್. ಅಗಿದೆ. ಹುಳಿ ಹುಳಿ. ಆ ಹುಳಿ ನಾಲಗೆಗೆ ತಗುಲಿದ್ದೇ ತಡ, ಭಾವ ನೆನಪಾದರು. ಹಿಂದೆಯೇ ನಾಚಿಕೆಯೂ ಆಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಮನೆ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವಳು; "ಯಾರು ನೋಡಿದ್ದು? ಎಷ್ಟು ಸಲ?" ಎಂದು ಕೇಳದೆ ಬೇಳೆ ಬೆಂದಿದೆ ಎಂದರೂ ಒಪ್ಪುವವಳಲ್ಲ. ಇದು ಕೆಲವು ವರ್ಷಗಳ ಹಿಂದಿನ ಮಾತು; ಭಾವನಿಗೆ ಸಕ್ಕರೆ ಕಾಯಿಲೆ ಬಂದು ಆಗ ಎಂಟು ವರ್ಷ. ನಾನೋ ಯಾರೂ ಕೇಳದಿದ್ದರೂ ವೈದ್ಯನಾಗಿಬಿಟ್ಟವನು. ಈ ಎಲೆಯ ಗಿಡವನ್ನು ಕುಂಡದ ಸಮೇತ ಆಟೋದಲ್ಲಿ ಹೊತ್ತೊಯ್ದು, "ಮಾತ್ರೆ ಬಿಸಾಕಿ ಭಾವ" ಎಂದೆ. ಪಾಪ, ಅಕ್ಕನಿಗೆ ಹೇಳದೆ ಬಿಟ್ಟೇಬಿಟ್ಟರು.

ತಿಂಗಳ ಮೇಲೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿದರೆ, ಹೆಚ್ಚುಕಡಿಮೆ ನಾರ್ಮಲ್! ನಾನು ಪಾರ್ಕಿನ ಒಂದೊಂದು ಬೆಂಚಿಗೂ ಹೋಗಿ ಸುದ್ದಿ ಸಾರಿದೆ. ಗುಟ್ಟು ತಿಳಿದ ಅಕ್ಕ ಮಾತ್ರ ಕನ್ನಡಕ ಏರಿಸಿಕೊಂಡಳು.

"ಟೆಸ್ಟಿಗೆ ಮುಂಚೆ ಮೂರು ದಿನ ಏನ್ ತಿಂದ್ರಿ?"

"ಚಪಾತಿ, ಸೌತೆಕಾಯಿ..."

"ಅದಕ್ಕೂ ಮುಂಚೆ?"

ಭಾವ ನನ್ನ ಮುಖ ನೋಡಿದರು. ಅದಕ್ಕೂ ಮುಂಚೆ ನಾವಿಬ್ಬರೂ ಸಂಜೆ ಸಂಜೆ ಬೇಕರಿಯಲ್ಲಿ ಸಕ್ಕರೆ-ಕೊಬ್ಬರಿ ತುಂಬಿದ ದಿಲ್‌ಪಸಂದ್ ತಿನ್ನುತ್ತಿದ್ದೆವು.

"ಹಿಂದಿನ ದಿನ ಓದಿ ಪಾಸಾಗೋ ಮಕ್ಕಳನ್ನ ಮೂವತ್ತು ವರ್ಷ ನೋಡಿದೀನಿ ರೀ. ಮೂರು ತಿಂಗಳದ್ದು ಒಟ್ಟಿಗೆ ಹೇಳೋ ಟೆಸ್ಟ್ ಇದೆ, ಅದನ್ನ ಮಾಡ್ಸಿ."

ನಾವೆಲ್ಲ ಹೀಗೆಯೇ ಅಲ್ಲವೇ? ಡಾಕ್ಟರಿಗೆ ಬೇಜಾರಾಗಬಾರದೆಂದು ಟೆಸ್ಟಿಗೆ ಮೂರು ದಿನ ಮೊದಲು ವ್ರತ ಹಿಡಿಯುವವರು. ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ; ಇಲ್ಲವೆಂದರೆ ಅದು ನೀವೇ.

ಆ ಟೆಸ್ಟು ನಮ್ಮ ಬಣ್ಣ ಬಯಲು ಮಾಡಿತು. ಅಕ್ಕ ನಮ್ಮಿಬ್ಬರನ್ನೂ ಜೆ.ಪಿ. ನಗರದ ಚಿಕ್ಕ ಕ್ಲಿನಿಕ್ಕೊಂದಕ್ಕೆ ಎಳೆದೊಯ್ದಳು. ಎ.ಸಿ. ಇಲ್ಲ, ಟಿ.ವಿ. ಇಲ್ಲ, ಇದೆಂಥ ಆಸ್ಪತ್ರೆ ಎಂದು ನಾನು ಮೂಗು ಮುರಿದೆ. ಡಾಕ್ಟರಮ್ಮ ರಿಪೋರ್ಟು ಪಕ್ಕಕ್ಕಿಟ್ಟು, "ಸಾಕ್ಸ್ ತೆಗೀರಿ ಅಂಕಲ್" ಎಂದರು. ಎಂಟು ವರ್ಷ ದೊಡ್ಡ ದೊಡ್ಡ ಕಡೆ ತೋರಿಸಿದ್ದರೂ ಭಾವನ ಪಾದವನ್ನು ಒಬ್ಬರೂ ನೋಡಿರಲಿಲ್ಲ. ಎಡಪಾದದ ಅಡಿಯಲ್ಲಿ ಹುಣ್ಣು! ಸಕ್ಕರೆಯಿಂದ ಪಾದ ಮರಗಟ್ಟಿದ್ದರಿಂದ ಭಾವನಿಗೆ ಅದರ ನೋವೇ ಗೊತ್ತಾಗಿರಲಿಲ್ಲ.

"ಇನ್ನೊಂದಷ್ಟು ದಿನ ಬಿಟ್ಟಿದ್ರೆ ಕಾಲು ಉಳಿಸೋದು ಕಷ್ಟ ಆಗ್ತಿತ್ತು."

ಮಾತ್ರೆ ಬಿಡಿಸಿದವನು ನಾನು ತಾನೇ!

ಮಾತ್ರೆ, ಇನ್ಸುಲಿನ್, ದಿನ ಬಿಟ್ಟು ದಿನ ಡ್ರೆಸಿಂಗ್. ಡಾಕ್ಟರಮ್ಮ ಪ್ರತಿ ಸಲವೂ ಬಗ್ಗಿ ಪಾದ ನೋಡುತ್ತಿದ್ದರು. ನಾಲ್ಕು ತಿಂಗಳಿಗೆ ಹುಣ್ಣು ಮಾಯಿತು. ಭಾವ ಈಗಲೂ ನನಗಿಂತ ಬಿರುಸಾಗಿ ನಡೆಯುತ್ತಾರೆ. ಅವತ್ತಿನಿಂದ ಇವತ್ತಿನವರೆಗೆ ನನಗೆ ಒಂದು ಮಾತು ಬೈದಿಲ್ಲ. ಬೈದಿದ್ದರೇ ವಾಸಿಯಿತ್ತು.

ಇಷ್ಟು ನೆನಪಾಗುವ ಹೊತ್ತಿಗೆ ಪಾರ್ಕಿನ ಗೆಳೆಯರು, "ನಾನು ಮಾತ್ರೆ ಬಿಟ್ಟು ವಾರ ಆಯ್ತು ಸಾರ್" ಎಂದರು.

"ಇದ್ರಿಂದ ಯಾರಿಗೆ ವಾಸಿಯಾಗಿದ್ದು ನೋಡಿದ್ರಿ?"

"ಬನಶಂಕರಿಯಲ್ಲಿ ಒಬ್ರಿಗೆ ಒಂದೇ ತಿಂಗಳಿಗೆ ನಾರ್ಮಲ್ ಆಯ್ತಂತೆ. ಅವರ ಬಾಮೈದನೇ ಇದೇ ಪಾರ್ಕಲ್ಲಿ ಎಲ್ರಿಗೂ ಹೇಳಿದ್ನಂತೆ."

ಅಗಿಯುತ್ತಿದ್ದ ಎಲೆಯನ್ನು ಉಗುಳಿದೆ.

"ಆ ಬಾಮೈದ ನಾನೇ ಸಾರ್," ಎಂದೆ. "ಆಮೇಲೆ ಏನಾಯ್ತು ಅನ್ನೋದನ್ನ ನಾನು ಯಾರಿಗೂ ಹೇಳ್ಲೇ ಇಲ್ಲ."

ಅಲ್ಲೇ ಕೂರಿಸಿ ಎಲ್ಲವನ್ನೂ ಹೇಳಿದೆ. ಅವರು, "ಆ ಡಾಕ್ಟರಮ್ಮ ಎಷ್ಟೊತ್ತಿಗೆ ಸಿಗ್ತಾರೆ?" ಎಂದರು.

"ಹತ್ತಕ್ಕೆ. ನಡೀರಿ, ನಾನೂ ಬರ್ತೀನಿ. ಟೆಸ್ಟಿಗೆ ಮೂರು ದಿನ ಮೊದಲು ನಾನೂ ವ್ರತ ಹಿಡಿಯೋನೇ; ಅವರಿಗೆ ಆ ನಿಜ ಹೇಳೋದಿದೆ."