ಗಂಧ ಹಚ್ಚಿಸಿಕೊಂಡ ಸ್ಟನ್ ಗನ್

ಕಾಳಿಘಾಟಿನ ಗಲ್ಲಿಯಲ್ಲಿ ಒಬ್ಬ ನನ್ನ ಕತ್ತಿನ ಸರ ಕಿತ್ತುಕೊಂಡು ಓಡಿದ ಮೇಲೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಒಂದು ಕಂಡಿಷನ್ ಹಾಕಿದಳು. ಮಂಗಳವಾರದ ಮಂಗಳವಾರ ನಾನೊಬ್ಬಳೇ ಮೆಟ್ರೋದಲ್ಲಿ ದಕ್ಷಿಣೇಶ್ವರಕ್ಕೆ ಹೋಗಿ, ಫೆರಿಯಲ್ಲಿ ಗಂಗೆ ದಾಟಿ ಬರುವುದು ನಿಲ್ಲಬಾರದೆಂದರೆ ಬ್ಯಾಗಿನಲ್ಲಿ ಸ್ಟನ್ ಗನ್ ಇರಬೇಕು. ಇಲ್ಲವಾದರೆ ಮನೆಗೆಲಸದ ಮಾಶಿ ಜೊತೆಗೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನಗೆ ಎಸ್ಕಾರ್ಟ್. ವಾರದಲ್ಲಿ ನಾನು ಯಾರ ಅಮ್ಮನೂ ಅಜ್ಜಿಯೂ ಅಲ್ಲದೆ ಇರುವುದು ಆ ಫೆರಿಯಲ್ಲಿ ಮಾತ್ರ. ಸ್ಟನ್ ಗನ್ನಿಗೆ ಒಪ್ಪಿದೆ.

ನೋಡಲು ಟಾರ್ಚಿನಂತೆ, ಮೂತಿಯಲ್ಲಿ ಎರಡು ಲೋಹದ ಮೊನೆ. ಬಟನ್ ಒತ್ತಿದರೆ ನಡುವೆ ನೀಲಿ ಕಿಡಿ ಚಟಚಟನೆ ಹಾರುತ್ತದೆ. ವೋಲ್ಟೇಜ್ ಎಂದರೆ ಒತ್ತಡ, ಕರೆಂಟ್ ಎಂದರೆ ಹರಿವು ಎಂದು ಕಾನ್ವೆಂಟಿನಲ್ಲಿ ಫಿಸಿಕ್ಸ್ ಸಿಸ್ಟರ್ ಹೇಳುತ್ತಿದ್ದರು. ಅವರ ಚಾಕ್‌ಪೀಸಿನ ಬೆರಳು ಈಗಲೂ ಕಣ್ಣಿಗೆ ಕಟ್ಟುತ್ತದೆ. ಇದರಲ್ಲಿ ಒತ್ತಡ ಬೆಟ್ಟದಷ್ಟು, ಹರಿವು ಹನಿಯಷ್ಟು. ಎರಡೂ ಮೊನೆ ಮೈಗೆ ತಾಗಿದರೆ ಕಿಡಿ ಗಾಳಿಯ ಹಾದಿ ಬಿಟ್ಟು ಚರ್ಮದ ಹಾದಿ ಹಿಡಿಯುತ್ತದೆ. ನರಗಳು ಗಲಿಬಿಲಿಗೊಂಡು ಸ್ನಾಯು ಸೆಟೆದುಕೊಳ್ಳುತ್ತದೆ. ಆದರೆ ಕೆಲವು ಕ್ಷಣ ಒತ್ತಿ ಹಿಡಿದಿರಬೇಕು.

ಆ ವರ್ಷ ನವಮಿ ಮಂಗಳವಾರವೇ ಬಂತು. ಪಾಡಾದ, ಅಂದರೆ ನಮ್ಮ ಕೇರಿಯ, ದುರ್ಗಾಪೂಜೆಯ ಪೆಂಡಾಲಿನಲ್ಲಿ ಢಾಕ್ ಡೋಲು ಬಡಿಯುತ್ತಿದ್ದರೆ, ನಮ್ಮ ಮನೆಯಲ್ಲಿ ಕರಾವಳಿಯ ಊರಿನ ಕ್ರಮದಂತೆ ಆಯುಧ ಪೂಜೆ. ಮೆಟ್ಟುಕತ್ತಿ, ಕತ್ತರಿ, ಮಗಳ ಲ್ಯಾಪ್‌ಟಾಪಿನ ಸಾಲಿನಲ್ಲಿ ಸ್ಟನ್ ಗನ್ನನ್ನೂ ಇಟ್ಟೆ. ಇರುವುದರಲ್ಲಿ ನಿಜವಾದ ಆಯುಧ ಅದೊಂದೇ ಅಲ್ಲವೇ? ಮೂತಿಯ ತುಂಬ ಧಾರಾಳವಾಗಿ ಗಂಧ ಬಳಿದೆ.

ನಾನು ಹೊರಡುವಾಗ ಮಗಳು ಎಂದಿನಂತೆ ಬಟನ್ ಒತ್ತಿ ನೋಡಿದಳು. ಕಿಡಿ ಹಾರಲಿಲ್ಲ. ಒದ್ದೆ ಗಂಧದಲ್ಲಿ ಕರೆಂಟಿಗೆ ಸಲೀಸು ಹಾದಿ ಸಿಕ್ಕಿ, ಚುಂಯ್ ಎಂದು ಸಣ್ಣಗೆ ಹೊಗೆಯಾಡಿತು.

"ಎಂತ ಅಮ್ಮ ಇದು? ಕಳ್ಳ ಬಂದ್ರೆ ಆರತಿ ಎತ್ತುದಾ?" ಎಂದವಳು, ಮಾಶಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿಯೂಬಿಟ್ಟಳು.

ನಾನು ಮಾಶಿಯನ್ನು ಒಳಗೆ ಕಳಿಸಿದೆ.

"ಸರ ಎಳೆದವ ನಾನು ತಿರುಗುವಾಗ ಬಸ್ಸಿನ ರಸ್ತೆ ದಾಟಿ ಆಗಿತ್ತು, ಮಾರಾಯ್ತಿ. ಇದನ್ನು ತಾಗಿಸ್ಲಿಕ್ಕೆ ಅವನನ್ನು ಎಕ್ಸ್‌ಕ್ಯೂಸ್ ಮಿ ಅಂತ ಕರೀಬೇಕಾ? ಹೆದರಿಕೆ ಇರುದು ನಿಂಗೆ. ಅದನ್ನು ನಾನು ನನ್ನ ಬ್ಯಾಗಲ್ಲಿ ಹೊರುದಿಲ್ಲ."

ಮಗಳು ಬಾಗಿಲಿಗೆ ಅಡ್ಡ ನಿಂತಳು. ನಾನೂ ನಿಂತೆ. ಕೊನೆಗೆ ಸರಿದವಳು ಅವಳು.

ಹಬ್ಬದ ಮೆಟ್ರೋದಲ್ಲಿ ನಾಲ್ಕು ಕಡೆಯಿಂದ ಭುಜಗಳು ನೂಕಿದವು; ನಾನೂ ನೂಕಿದೆ. ಫೆರಿ ದಡ ಬಿಟ್ಟ ಮೇಲೆ ಫೋನ್ ಮೂರು ಸಲ ಹೊಡೆದುಕೊಂಡಿತು, ಮಗಳದ್ದೇ. ನಾಲ್ಕನೆಯದಕ್ಕೆ ಎತ್ತಿದೆ.

"ನಡು ಹೊಳೆಯಲ್ಲಿದ್ದೇನೆ," ಎಂದೆ. "ಆಚೆ ದಡಕ್ಕೆ ಹೋಗಿ ನಾನೇ ಮಾಡ್ತೇನೆ. ಮನಸ್ಸಾದ್ರೆ."