ಬಾಗದ ನವಣೆ ಸಸಿ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಏನೇ ಕೆಟ್ಟರೂ ಸೀಮೆಸುಣ್ಣದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, “ಹೋಗ್ಲಿ ಬಿಡ್ರಿ” ಎನ್ನುತ್ತಿದ್ದರು. ಅದರಲ್ಲಿ ಸಮಾಧಾನಕ್ಕಿಂತ ದಣಿವೇ ಹೆಚ್ಚು. ನಾನು ಅಲ್ಲೇ ಲೆಕ್ಕ ಕಲಿಸುತ್ತಿದ್ದೆ.

“ಕುಡಿಯಾಗ ಒಂದು ರಸ ಹುಟ್ಟತೈತಿ. ಅದು ನೆರಳಿನ ಮಗ್ಗಲಿಗೆ ಸರಿದು ಆ ಕಡೀನ ಹೆಚ್ಚು ಬೆಳಸ್ತೈತಿ. ಅದಕ್ಕ ಸಸಿ ಬೆಳಕಿಗೆ ಬಾಗತೈತಿ” ಎಂದು ಪಾಠ ಹೇಳಿ, ಹುಡುಗರಿಗೆ ತೋರಿಸಲೆಂದು ಮನೆಯ ಕಿಟಕಿಯಲ್ಲಿ ಒಂದು ಬೋಗುಣಿ ನವಣೆ ಬೆಳೆಸುತ್ತಿದ್ದರು. ಪ್ರತಿ ವರ್ಷವೂ ಸಸಿಗಳು ನೆಟ್ಟಗೇ ನಿಲ್ಲುತ್ತಿದ್ದವು. ಹುಡುಗರು ನಗುತ್ತಿದ್ದರು.

ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ನಾನು ಅವರ ಮನೆಯಲ್ಲಿ ಕುಳಿತಿದ್ದೆ. ಬಾದನಹಟ್ಟಿಯ ಹೊಲದಲ್ಲಿ ಬೆಳೆದಿದ್ದ ಅವರ ತಾಯಿ ಒಳಗಿನಿಂದ ಬಂದು ಬೋಗುಣಿಯನ್ನು ಮೆಲ್ಲಗೆ ತಿರುಗಿಸಿಟ್ಟರು.

“ಯಾಕವ್ವಾ?” ಎಂದರು ಮೇಷ್ಟ್ರು.

“ದಿನಾ ತಿರುಗಸ್ತೀನಪ್ಪ. ಕೂಸಿನ ತಲಿ ಒಂದೇ ಮಗ್ಗಲಿಗೆ ಬಿಟ್ರ ಸೊಟ್ಟ ಆಗಂಗಿಲ್ಲೇನು? ನಿನ್ನ ತಲೀನೂ ಹಿಂಗ ತಿರುಗಿಸ್ತಿದ್ದೆ.”

ಮೇಷ್ಟ್ರು ಏನೋ ಹೇಳಹೋಗಿ ತಾಯಿಯ ಮುಖ ನೋಡಿದರು. “ಹೋಗ್ಲಿ ಬಿಡವ್ವ” ಎಂದರು. ಮರುದಿನ ಇನ್ಸ್‌ಪೆಕ್ಟರ್, “ಇವು ಬಾಗೇ ಇಲ್ಲಲ್ರಿ, ಏನು ಕಲಿಸ್ತೀರಿ?” ಎಂದು ಎಲ್ಲರೆದುರು ಬೈದಾಗಲೂ ಮೇಷ್ಟ್ರು ಕಾರಣ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ತಾಯಿ ತೀರಿಕೊಂಡರು. ಶಾಲೆ ತೆರೆದ ಮೇಲೆ ಮೇಷ್ಟ್ರು ತಂದ ಬೋಗುಣಿಯಲ್ಲಿ ಸಸಿಗಳೆಲ್ಲ ಒಂದೂ ತಪ್ಪದೆ ಒಂದೇ ಕಡೆ ಬಾಗಿದ್ದವು. ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಧೋತರಕ್ಕೆ ಕೈ ಒರೆಸಿಕೊಂಡು, ಬೋಗುಣಿಯನ್ನು ಮೆಲ್ಲಗೆ ತಿರುಗಿಸಿಟ್ಟರು.